ಗುಣವಾಯಿತೆಂದರೆ ನಿಜವಾಯಿತೇ?

ಸೊಂಟನೋವಿನಿಂದ ನರಳುವವರು ಅಕ್ಯುಪಂಕ್ಚರ್ ಮಾಡಿಸಿಕೊಂಡು ಹಗುರಾದರೆ, ಅವರ ಮಟ್ಟಿಗೆ ವಾದ ಅಲ್ಲಿಗೆ ಮುಗಿಯುತ್ತದೆ. ನೋವಿತ್ತು, ಸೂಜಿ ಚುಚ್ಚಿದರು, ನೋವು ಇಳಿಯಿತು. ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು? ಆದರೆ ಸೂಜಿ ಒಂಟಿಯಾಗಿ ಬರುವುದಿಲ್ಲ, ಅದರ ಹಿಂದೆ ಒಂದು ದರ್ಶನವಿದೆ. ದೇಹದೊಳಗೆ ‘ಚಿ’ ಎಂಬ ಶಕ್ತಿ ಹನ್ನೆರಡು ಮುಖ್ಯ ನಾಳಗಳಲ್ಲಿ ಹರಿಯುತ್ತದೆ. ಯಿನ್ ಮತ್ತು ಯಾಂಗ್‌ಗಳ ಸಮತೋಲ ಕೆಟ್ಟಾಗ ಅಥವಾ ಆ ಹರಿವಿಗೆ ತಡೆಯಾದಾಗ ರೋಗ ಬರುತ್ತದೆ. ನಾಳದ ಮೇಲಿನ ಗೊತ್ತಾದ ಬಿಂದುವಿಗೆ ಸೂಜಿ ಹಾಕಿದರೆ, ಅಥವಾ ನಮ್ಮ ಮಾಚಿಪತ್ರೆಯ ಬಳಗಕ್ಕೆ ಸೇರಿದ ಗಿಡದ ಒಣ ಎಲೆಯನ್ನು ಉರಿಸಿ ಕಾವು ಕೊಟ್ಟರೆ ಹರಿವು ಸರಿಹೋಗುತ್ತದೆ. ಚೀನಾ, ಕೊರಿಯಾ, ಜಪಾನ್, ವಿಯೆಟ್ನಾಂಗಳಲ್ಲಿ ತಲೆಮಾರುಗಳ ವೈದ್ಯರು ಈ ಮಾತನ್ನು ನಂಬಿ ರೋಗಿಗಳ ಮೈಮುಟ್ಟಿದ್ದಾರೆ. ನೋವು ಇಳಿದದ್ದು ಈ ದರ್ಶನಕ್ಕೆ ರುಜುವಾತಾಗುತ್ತದೆಯೇ ಎಂಬುದು ವೈದ್ಯಕ್ಕಷ್ಟೇ ಸೇರಿದ ಪ್ರಶ್ನೆಯಲ್ಲ. ಫಲ ಕಂಡಿತು, ಆದ್ದರಿಂದ ಹೇಳಿದವರ ಮಾತು ನಿಜ ಎಂಬ ತರ್ಕದ ಮೇಲೆಯೇ ಹರಕೆ, ತಾಯಿತ, ಮಂತ್ರ, ಎಷ್ಟೋ ಗುರುಗಳ ಅಧಿಕಾರ ನಿಂತಿವೆ. ಈ ತರ್ಕ ಎಲ್ಲಿಯವರೆಗೆ ಗಟ್ಟಿ, ಎಲ್ಲಿ ಟೊಳ್ಳು ಎಂದು ಪರೀಕ್ಷಿಸಲು ಅಕ್ಯುಪಂಕ್ಚರ್‌ನಷ್ಟು ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಉಪಶಮನ ನಿಜವಾಗಿದ್ದರೂ ಸಿದ್ಧಾಂತ ಸುಳ್ಳಾಗಿರಬಹುದು, ಸಿದ್ಧಾಂತ ಸುಳ್ಳಾಗಿದ್ದರೂ ಉಪಶಮನ ಸುಳ್ಳಾಗುವುದಿಲ್ಲ, ಈ ಎರಡನ್ನೂ ರೋಗಿಗೆ ಬಿಚ್ಚಿ ಹೇಳುವುದು ವೈದ್ಯನ ಧರ್ಮ.

ಭಾರತೀಯ ದರ್ಶನಗಳಿಗೆ ಈ ಪ್ರಶ್ನೆ ಹೊಸದಲ್ಲ. ಗೌತಮನ ನ್ಯಾಯಸೂತ್ರದ ಎರಡನೆಯ ಅಧ್ಯಾಯದಲ್ಲಿ ವೇದದ ಪ್ರಾಮಾಣ್ಯವನ್ನು ಸಾಧಿಸುವಾಗ ಮಂತ್ರ ಮತ್ತು ಆಯುರ್ವೇದಗಳನ್ನು ನಿದರ್ಶನವಾಗಿ ಕೊಡಲಾಗಿದೆ. ಆಯುರ್ವೇದ ಹೇಳಿದಂತೆ ನಡೆದರೆ ಹೇಳಿದ ಫಲ ಕಾಣುತ್ತದೆ. ಆದ್ದರಿಂದ ಅದನ್ನು ಹೇಳಿದವರು ನಂಬತಕ್ಕವರು. ಅಂಥವರು ಕಣ್ಣಿಗೆ ಕಾಣದ ವಿಷಯಗಳಲ್ಲಿ ಹೇಳಿದ್ದೂ ನಂಬತಕ್ಕದ್ದು ಎಂಬುದು ಅಲ್ಲಿನ ಯುಕ್ತಿ. ಕಂಡ ಫಲದಿಂದ ಕಾಣದ ತತ್ತ್ವಕ್ಕೆ ಸೇತುವೆ ಕಟ್ಟುವ ಪ್ರಯತ್ನ ಇದು. ಏಳನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿ ಈ ಸೇತುವೆಯ ಕೆಳಗಿನ ಬಿರುಕನ್ನು ತೋರಿಸುವ ಒಂದು ದೃಷ್ಟಾಂತ ಕೊಟ್ಟಿದ್ದಾನೆ, ಅದನ್ನು ಬಳಸಿದ್ದು ಬೇರೆ ಸಂದರ್ಭದಲ್ಲಾದರೂ. ಇಬ್ಬರು ಕತ್ತಲೆಯಲ್ಲಿ ದೂರದ ಬೆಳಕನ್ನು ಕಂಡು ಅದನ್ನೇ ರತ್ನವೆಂದು ಭ್ರಮಿಸಿ ಓಡುತ್ತಾರೆ. ಒಬ್ಬನಿಗೆ ಕಂಡದ್ದು ರತ್ನದಿಂದ ಹೊರಬಿದ್ದ ಪ್ರಭೆ, ಇನ್ನೊಬ್ಬನಿಗೆ ದೀಪದ ಪ್ರಭೆ. ಪ್ರಭೆಯನ್ನು ರತ್ನವೆಂದುಕೊಂಡದ್ದು ಇಬ್ಬರದೂ ತಪ್ಪೇ. ಆದರೆ ಮೊದಲನೆಯವನ ಕೈಗೆ ರತ್ನ ಸಿಗುತ್ತದೆ, ಎರಡನೆಯವನಿಗೆ ಸಿಗುವುದಿಲ್ಲ. ತಪ್ಪು ತಿಳಿವಳಿಕೆಯೂ ಸರಿಯಾದ ಫಲಕ್ಕೆ ಮುಟ್ಟಿಸಬಹುದು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಸಾಧ್ಯವಿಲ್ಲ. ಫಲ ಸಿಕ್ಕಿತೆಂಬ ಒಂದೇ ಕಾರಣಕ್ಕೆ ಮೊದಲನೆಯವನು ತಾನು ಕಂಡದ್ದು ರತ್ನವನ್ನೇ ಎಂದು ವಾದಿಸಿದರೆ ಒಪ್ಪಲಾಗದು. ಅವನ ತಿಳಿವಳಿಕೆ ತಪ್ಪೆಂದು ಅವನ ಕೈಯಲ್ಲಿರುವ ರತ್ನವನ್ನು ಇಲ್ಲವೆನ್ನುವುದಕ್ಕೂ ಆಗದು.

ಈಗ ನಾಳಗಳ ವಿಷಯಕ್ಕೆ ಬರೋಣ. 1973ರಲ್ಲಿ ಚೀನಾದ ಹುನಾನ್ ಪ್ರಾಂತ್ಯದ ಚಾಂಗ್ಶಾ ನಗರದ ಬಳಿ, ಮಾವಾಂಗ್‌ದುಯಿ ಎಂಬಲ್ಲಿ ಒಂದು ಸಮಾಧಿಯನ್ನು ತೆರೆದರು. ಕ್ರಿಸ್ತಪೂರ್ವ 168ರಲ್ಲಿ ಮುಚ್ಚಿದ ಆ ಸಮಾಧಿಯಲ್ಲಿ ರೇಷ್ಮೆಯ ಮೇಲೆ ಬರೆದ ವೈದ್ಯಗ್ರಂಥಗಳಿದ್ದವು. ಅವುಗಳಲ್ಲಿ ಎರಡು ಗ್ರಂಥಗಳು ನಾಳಗಳನ್ನು ವರ್ಣಿಸುತ್ತವೆ. ಅಲ್ಲಿರುವುದು ಹನ್ನೊಂದು ನಾಳ, ಹನ್ನೆರಡಲ್ಲ. ಅವು ಒಂದಕ್ಕೊಂದು ಕೂಡಿ ವರ್ತುಲವಾಗುವುದೂ ಇಲ್ಲ. ಬಿಂದುಗಳ ಹೆಸರಿಲ್ಲ. ಚಿಕಿತ್ಸೆಯೆಂದರೆ ಕಾವು ಕೊಡುವುದು. ಸೂಜಿಯ ಮಾತೇ ಇಲ್ಲ. ಮುಂದೆ ಸಂಕಲಿತವಾದ ‘ಹುವಾಂಗ್‌ದಿ ನೇಯ್‌ಜಿಂಗ್’ ಅಂದರೆ ಹಳದಿ ಸಾಮ್ರಾಟನ ವೈದ್ಯಗ್ರಂಥದಲ್ಲಿ ನಾಳಗಳು ಹನ್ನೆರಡಾಗುತ್ತವೆ, ಒಂದರೊಳಗೊಂದು ಸೇರಿ ಹರಿವು ಸುತ್ತತೊಡಗುತ್ತದೆ, ಒಂಬತ್ತು ಬಗೆಯ ಸೂಜಿಗಳು ಬರುತ್ತವೆ. ಆ ಗ್ರಂಥವೇ ಹನ್ನೆರಡು ನಾಳಗಳನ್ನು ದೇಶದ ಹನ್ನೆರಡು ನದಿಗಳಿಗೂ ವರ್ಷದ ಹನ್ನೆರಡು ತಿಂಗಳಿಗೂ ಹೊಂದಿಸುತ್ತದೆ. ಬಿಂದುಗಳು 365 ಎಂದು ವರ್ಷದ ದಿನಗಳಿಗೆ ತಾಳೆ ಹಾಕುತ್ತದೆ. ಆದರೆ ಮೂರನೆಯ ಶತಮಾನದ ಹುವಾಂಗ್‌ಫು ಮಿ ಎಂಬ ವಿದ್ವಾಂಸ ಹೆಸರಿಸಿ ಪಟ್ಟಿ ಮಾಡಿದ್ದು 349. 11ನೇ ಶತಮಾನದ ಸೊಂಗ್ ರಾಜವಂಶದ ಅರಮನೆಯ ವೈದ್ಯ ವಾಂಗ್ ವೇಯ್‌ಯಿಯ ಪಟ್ಟಿಯಲ್ಲಿ 354. ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ 2008ರಲ್ಲಿ ಪ್ರಕಟವಾದ ಪಟ್ಟಿಯಲ್ಲಿ 361. ಆ ಪಟ್ಟಿ ಸಿದ್ಧಪಡಿಸಲು ಚೀನಾ, ಜಪಾನ್, ಕೊರಿಯಾಗಳ ತಜ್ಞರು ಕೂತಾಗ 92 ಬಿಂದುಗಳ ಸ್ಥಾನದ ಬಗ್ಗೆ ಮೂರು ದೇಶಗಳಲ್ಲಿ ಒಮ್ಮತವಿರಲಿಲ್ಲ. ಇದರಿಂದ ಹಳಬರು ಮೋಸಗಾರರೆಂದು ಸಿದ್ಧವಾಗುವುದಿಲ್ಲ. ಅವರು ಸ್ಪರ್ಶದಿಂದ ಕಂಡದ್ದನ್ನು ತಮ್ಮ ಕಾಲದ ಜಗತ್ತಿನ ನಕ್ಷೆಯೊಳಗೆ ಕೂರಿಸಿದರು. ಆಕಾಶ, ನದಿ, ರಾಜ್ಯ, ದೇಹ ಎಲ್ಲಕ್ಕೂ ಒಂದೇ ವಿನ್ಯಾಸವಿರಬೇಕೆಂಬ ನಂಬಿಕೆ ಲೆಕ್ಕವನ್ನು ತಿದ್ದಿತು. ದೇಹವನ್ನು ನೋಡಿ ಬಂದ ಸಂಖ್ಯೆಯಾಗಿದ್ದರೆ ಅದು ಪಂಚಾಂಗಕ್ಕೆ ಇಷ್ಟು ಸರಾಗವಾಗಿ ಹೊಂದಬೇಕಾಗಿರಲಿಲ್ಲ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. ಎರಡು ಸಾವಿರ ವರ್ಷ, ಕೋಟ್ಯಂತರ ಜನ, ಅಷ್ಟು ತಲೆಮಾರುಗಳ ಅನುಭವ ತಪ್ಪಾಗುವುದುಂಟೇ? ಆಕ್ಷೇಪ ಹಗುರವಾದದ್ದಲ್ಲ, ಅನುಭವಕ್ಕೆ ಬೆಲೆ ಇದೆ. ಆದರೆ ಈ ಪರಂಪರೆ ನಾವು ಊಹಿಸುವಂತೆ ಮುರಿಯದ ಹೊಳೆಯಾಗಿರಲಿಲ್ಲ. 1757ರಲ್ಲಿ ಶು ದಾಚುನ್ ಎಂಬ ಹೆಸರಾಂತ ವೈದ್ಯ, ಸೂಜಿಯ ವಿದ್ಯೆ ಹೆಚ್ಚುಕಡಿಮೆ ನಷ್ಟವಾಗಿದೆಯೆಂದು ಮರುಗಿ ಬರೆದ. 1822ರಲ್ಲಿ ದಾವೊಗುವಾಂಗ್ ಚಕ್ರವರ್ತಿ ಅರಮನೆಯ ವೈದ್ಯಶಾಲೆಯಿಂದ ಅಕ್ಯುಪಂಕ್ಚರ್ ವಿಭಾಗವನ್ನೇ ತೆಗೆದುಹಾಕಿಸಿದ. 1929ರಲ್ಲಿ ಚೀನಾ ಗಣರಾಜ್ಯದ ಆರೋಗ್ಯ ಸಮಿತಿ ಹಳೆಯ ವೈದ್ಯವನ್ನು ಪೂರ್ತಿ ನಿಲ್ಲಿಸುವ ನಿರ್ಣಯ ಮಾಡಿತು, ದೇಶದ ವೈದ್ಯರು ಬೀದಿಗಿಳಿದು ಅದನ್ನು ತಡೆದರು. ಇಂದು ನಾವು ಕಾಣುವ ತೆಳುವಾದ ಉಕ್ಕಿನ ಸೂಜಿ, ಅಂಗರಚನೆಯ ಚಿತ್ರದ ಮೇಲೆ ಗುರುತಿಸಿದ ಬಿಂದುಗಳು ಬಹುಮಟ್ಟಿಗೆ 1930ರ ದಶಕದಲ್ಲಿ ಚೆಂಗ್ ದಾನ್‌ಆನ್ ಮೊದಲಾದವರು ಮಾಡಿದ ಸುಧಾರಣೆ. 1950ರ ದಶಕದಲ್ಲಿ ಡಾಕ್ಟರುಗಳ ಕೊರತೆ ಇದ್ದ ಹೊಸ ಸರ್ಕಾರ ಅದನ್ನು ಕಾಲೇಜುಗಳಿಗೆ ತಂದು ಒಂದೇ ಅಚ್ಚಿನ ಪಠ್ಯವಾಗಿಸಿತು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಈ ಪರಂಪರೆಯೊಳಗೇ ಪ್ರಶ್ನಿಸಿದವರಿದ್ದರು. 1797ರ ಸಾಂಕ್ರಾಮಿಕದಲ್ಲಿ ಸತ್ತು ಬಯಲಲ್ಲಿ ಬಿದ್ದಿದ್ದ ಮಕ್ಕಳ ಶವಗಳನ್ನು ವಾಂಗ್ ಚಿಂಗ್‌ರೆನ್ ಎಂಬ ವೈದ್ಯ ಹತ್ತಿರದಿಂದ ನೋಡಿದ, ಗ್ರಂಥಗಳಲ್ಲಿರುವ ಅಂಗಾಂಗಗಳ ವರ್ಣನೆ ತಪ್ಪೆಂದು ಕಂಡುಕೊಂಡ, 1830ರಲ್ಲಿ ಆ ತಪ್ಪುಗಳನ್ನು ತಿದ್ದುವ ಪುಸ್ತಕವನ್ನೇ ಪ್ರಕಟಿಸಿದ. ಪರಂಪರೆಗೆ ಗೌರವ ಕೊಡುವುದೆಂದರೆ ಹಳದಿ ಸಾಮ್ರಾಟನಿಗೆ ತಲೆಬಾಗುವುದು ಮಾತ್ರವಲ್ಲ, ವಾಂಗ್ ಚಿಂಗ್‌ರೆನ್‌ನ ಧೈರ್ಯವನ್ನೂ ನೆನೆಯುವುದು. ಯುರೋಪಿನಲ್ಲೂ ರಕ್ತ ತೆಗೆಯುವ ಚಿಕಿತ್ಸೆ ಎರಡು ಸಾವಿರ ವರ್ಷ ನಡೆಯಿತು. ಅಷ್ಟು ಕಾಲ ನಡೆದದ್ದು ಅದರ ಸಿದ್ಧಾಂತವನ್ನು ಕಾಪಾಡಲಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಸೂಕ್ಷ್ಮ. ಚಿ ಎಂಬುದು ಅಳೆಯುವ ವಸ್ತುವಲ್ಲ, ಅನುಭವಕ್ಕೆ ಕೊಟ್ಟ ಹೆಸರು. ಅದನ್ನು ಪ್ರಯೋಗಾಲಯಕ್ಕೆ ಎಳೆಯುವುದೇ ಅನ್ಯಾಯ, ಒಂದು ಸಂಸ್ಕೃತಿಯ ಅಳತೆಗೋಲಿನಿಂದ ಇನ್ನೊಂದನ್ನು ಅಳೆದಂತೆ ಎಂದು ಹಲವರು ವಾದಿಸುತ್ತಾರೆ. ಚಿ ಬರಿಯ ರೂಪಕವಾಗಿದ್ದರೆ ಈ ಮಾತನ್ನು ಒಪ್ಪಬಹುದಿತ್ತು. ಆದರೆ ಪರಂಪರೆ ಹಾಗೆ ಹೇಳಲಿಲ್ಲ. ಸರಿಯಾದ ಜಾಗ ಬೇರೆ, ತಪ್ಪು ಜಾಗ ಬೇರೆ ಎಂದು ಅದು ಪಟ್ಟುಹಿಡಿದು ಹೇಳಿತು. ಇದಕ್ಕೆ ಕಂಚಿನ ಸಾಕ್ಷಿಯೇ ಇದೆ. ವಾಂಗ್ ವೇಯ್‌ಯಿ 1027ರಲ್ಲಿ ಆಳೆತ್ತರದ ಟೊಳ್ಳು ಕಂಚಿನ ಪ್ರತಿಮೆ ಎರಕ ಹೊಯ್ಯಿಸಿದ. ಮೈತುಂಬ ಬಿಂದುಗಳಿದ್ದ ಜಾಗದಲ್ಲಿ ಸಣ್ಣ ರಂಧ್ರಗಳು, ಪಕ್ಕದಲ್ಲಿ ಹೆಸರು. ಪರೀಕ್ಷೆಯ ದಿನ ಪ್ರತಿಮೆಗೆ ಮೇಣ ಬಳಿದು ರಂಧ್ರಗಳನ್ನು ಮುಚ್ಚಿ ಒಳಗೆ ನೀರು ತುಂಬುತ್ತಿದ್ದರೆಂದು ಹಳೆಯ ಬರಹಗಳು ಹೇಳುತ್ತವೆ. ವಿದ್ಯಾರ್ಥಿ ಸೂಜಿ ಚುಚ್ಚಬೇಕು. ಜಾಗ ಸರಿಯಿದ್ದರೆ ನೀರು ಚಿಮ್ಮುತ್ತದೆ, ಕೂದಲೆಳೆ ತಪ್ಪಿದರೂ ಸೂಜಿ ಕಂಚಿಗೆ ತಾಗಿ ನಿಲ್ಲುತ್ತದೆ. ಇಷ್ಟು ಕಟ್ಟುನಿಟ್ಟಿನ ಪರೀಕ್ಷೆ ಇಟ್ಟವರು ಜಾಗಕ್ಕೆ ಮಹತ್ವವಿದೆಯೆಂದು ನಂಬಿದ್ದರು. ಜಾಗಕ್ಕೆ ಮಹತ್ವವಿದೆ ಎಂಬುದು ಕಾವ್ಯದ ಮಾತಲ್ಲ, ಸರಿಯೋ ತಪ್ಪೋ ಎಂದು ನೋಡಬಹುದಾದ ಮಾತು. ಹಾಗಾಗಿ ಸರಿ ಜಾಗ, ತಪ್ಪು ಜಾಗಗಳನ್ನು ಹೋಲಿಸಿ ನೋಡುವುದು ಹೊರಗಿನಿಂದ ಹೇರಿದ ಅಳತೆಯಲ್ಲ. ಆ ಪರಂಪರೆ ತನ್ನ ವಿದ್ಯಾರ್ಥಿಗೆ ಇಟ್ಟ ಪರೀಕ್ಷೆಯನ್ನೇ ಆ ಪರಂಪರೆಯ ಸಿದ್ಧಾಂತಕ್ಕೂ ಇಡುವುದು.

ಆ ಹೋಲಿಕೆಗೆ ಬೇಕಾದ ಸಾಧನ 1998ರಲ್ಲಿ ಜರ್ಮನಿಯಲ್ಲಿ ರೂಪುಗೊಂಡಿತು. ನೋಡಲು ಅದು ಮಾಮೂಲಿ ಸೂಜಿಯೇ. ಆದರೆ ತುದಿ ಮೊಂಡು. ಒತ್ತಿದಾಗ ಚರ್ಮದೊಳಗೆ ಹೋಗುವ ಬದಲು ಸೂಜಿಯ ಕಡ್ಡಿ ತನ್ನ ಹಿಡಿಯೊಳಗೇ ಸರಿದು ಗಿಡ್ಡವಾಗುತ್ತದೆ. ಚರ್ಮದ ಮೇಲೆ ಒಂದು ಸಣ್ಣ ಬಳೆಯಿಟ್ಟು ಪ್ಲಾಸ್ಟರ್ ಹಾಕಿರುವುದರಿಂದ ಸೂಜಿ ನೆಟ್ಟಗೆ ನಿಲ್ಲುತ್ತದೆ. ಚುಚ್ಚಿದಂತೆ ಚುರುಕ್ ಎನ್ನುತ್ತದೆ, ಒಳಹೊಕ್ಕಂತೆ ಕಾಣುತ್ತದೆ, ಹೊಕ್ಕಿರುವುದಿಲ್ಲ. ಇಂಥ ಹುಸಿ ಸೂಜಿಯಿಂದಲೋ, ಬಿಂದುವಿಲ್ಲದ ಜಾಗದಲ್ಲಿ ಮೇಲುಮೇಲೆ ಚುಚ್ಚುವುದರಿಂದಲೋ ಸಾವಿರಾರು ಜನರ ಮೇಲೆ ಪ್ರಯೋಗಗಳಾದವು. ಜರ್ಮನಿಯಲ್ಲಿ ಬಹುಕಾಲದ ಸೊಂಟನೋವಿನ 1,162 ಜನರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಆರು ತಿಂಗಳ ನಂತರ ಶಾಸ್ತ್ರೋಕ್ತವಾಗಿ ಸೂಜಿ ಹಾಕಿಸಿಕೊಂಡವರಲ್ಲಿ ಶೇ 47.6 ಜನರಿಗೆ ಗಣನೀಯ ಉಪಶಮನವಾಗಿತ್ತು. ಹುಸಿ ಚಿಕಿತ್ಸೆ ಪಡೆದವರಲ್ಲಿ ಶೇ 44.2. ಔಷಧಿ, ವ್ಯಾಯಾಮ, ಫಿಸಿಯೊಥೆರಪಿಯ ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇ 27.4. ಹಲವು ಬಗೆಯ ದೀರ್ಘಕಾಲದ ನೋವುಗಳ ಮೇಲಿನ 29 ಪ್ರಯೋಗಗಳನ್ನು, 17,922 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ 2012ರಲ್ಲಿ ಮಾಡಿದ ವಿಶ್ಲೇಷಣೆಯೂ ಇದೇ ಚಿತ್ರ ಕೊಡುತ್ತದೆ. ನೂರರ ಅಳತೆಯಲ್ಲಿ ನೋವು 60 ಇತ್ತೆಂದುಕೊಂಡರೆ, ಸೂಜಿಯಿಲ್ಲದವರಲ್ಲಿ ಅದು 43ಕ್ಕೆ, ಹುಸಿ ಸೂಜಿಯವರಲ್ಲಿ 35ಕ್ಕೆ, ನಿಜ ಸೂಜಿಯವರಲ್ಲಿ 30ಕ್ಕೆ ಇಳಿಯುತ್ತದೆ ಎಂದು ಸಂಶೋಧಕರು ಸರಳಗೊಳಿಸಿ ತೋರಿಸಿದರು.

ಈ ಅಂಕಿಗಳು ಎರಡು ಪಕ್ಷದವರಿಗೂ ಕಹಿ. ನಾಳಗಳನ್ನು ನಂಬುವವರು ನುಂಗಬೇಕಾದ ಮಾತೆಂದರೆ, ಸರಿ ಜಾಗಕ್ಕೂ ತಪ್ಪು ಜಾಗಕ್ಕೂ, ಚುಚ್ಚುವುದಕ್ಕೂ ಚುಚ್ಚಿದಂತೆ ಮಾಡುವುದಕ್ಕೂ ಇರುವ ವ್ಯತ್ಯಾಸ ಬಹಳ ಸಣ್ಣದು. ಹನ್ನೆರಡು ನಾಳಗಳ ಶಾಸ್ತ್ರ ನಿಜವಾಗಿದ್ದರೆ ಆ ವ್ಯತ್ಯಾಸ ದೊಡ್ಡದಾಗಿರಬೇಕಿತ್ತು. ಕಂಚಿನ ಪ್ರತಿಮೆಯ ಮುಂದೆ ಸೋತ ವಿದ್ಯಾರ್ಥಿಯ ರೋಗಿಗೂ ಗೆದ್ದವನ ರೋಗಿಗೂ ಹೆಚ್ಚುಕಡಿಮೆ ಒಂದೇ ಫಲ ಸಿಗುತ್ತದೆ ಎಂದಾದರೆ ಪ್ರತಿಮೆ ಅಳೆದದ್ದು ಬೇರೇನನ್ನೋ. ಇದೆಲ್ಲ ಬರೀ ಭ್ರಮೆ ಎನ್ನುವವರು ನುಂಗಬೇಕಾದ ಮಾತೂ ಇದೆ. ಹುಸಿಯೋ ನಿಜವೋ, ಸೂಜಿಯ ಚಿಕಿತ್ಸೆ ಪಡೆದವರು ಪಡೆಯದವರಿಗಿಂತ ಸ್ಪಷ್ಟವಾಗಿ ಮೇಲಾಗಿದ್ದರು. ನೋವು ಎಂಬುದು ಅನುಭವಿಸುವವನ ಅರಿವಿನಲ್ಲೇ ಇರುವ ಸಂಗತಿ. ಅರಿವಿನಲ್ಲಿ ಅದು ಕಡಿಮೆಯಾದರೆ ಕಡಿಮೆಯಾದಂತೆಯೇ, ಬೇರೆಲ್ಲೋ ಉಳಿದುಕೊಂಡಿರುವ ಅಸಲಿ ನೋವು ಎಂಬುದಿಲ್ಲ. ನಿಜ ಸೂಜಿಯ ಪರವಾಗಿ ಉಳಿಯುವ ಆ ಸಣ್ಣ ವ್ಯತ್ಯಾಸಕ್ಕೂ ದೇಹದಲ್ಲಿ ಕಾರಣಗಳಿರಬಹುದು. ಸೂಜಿಯಿಂದ ಬಂದ ಉಪಶಮನವನ್ನು ಅಫೀಮಿನ ಪರಿಣಾಮ ತಡೆಯುವ ನಲಾಕ್ಸೋನ್ ಔಷಧಿ ಕುಗ್ಗಿಸಿತೆಂದು 1977ರ ಒಂದು ಪ್ರಯೋಗ ತೋರಿಸಿತು. ಅಂದರೆ ದೇಹವೇ ತಯಾರಿಸುವ ನೋವುನಿವಾರಕಗಳು ಅಲ್ಲಿ ಕೆಲಸ ಮಾಡಿರಬೇಕು. 2021ರಲ್ಲಿ ಇಲಿಗಳ ಮೇಲಿನ ಪ್ರಯೋಗದಲ್ಲಿ ಮೊಣಕಾಲ ಕೆಳಗಿನ ಪ್ರಸಿದ್ಧ ಬಿಂದುವಿನಲ್ಲಿ ಹದವಾದ ವಿದ್ಯುತ್ ಹರಿಸಿದಾಗ ಉರಿಯೂತ ತಗ್ಗಿತು, ಹೊಟ್ಟೆಯ ಮೇಲೆ ಹರಿಸಿದಾಗ ತಗ್ಗಲಿಲ್ಲ. ಕಾಲಿನ ಆ ಭಾಗದಲ್ಲಿ ಒಂದು ಬಗೆಯ ನರತಂತುಗಳಿರುವುದೇ ಕಾರಣವೆಂದು ಸಂಶೋಧಕರು ಕಂಡುಕೊಂಡರು. ಅಂದರೆ ಕೆಲವೆಡೆ ಜಾಗಕ್ಕೂ ಮಹತ್ವವಿರಬಹುದು. ಆದರೆ ಮಹತ್ವ ಕೊಟ್ಟದ್ದು ನರ, ನಾಳವಲ್ಲ. ಧರ್ಮಕೀರ್ತಿಯ ದೃಷ್ಟಾಂತ ಇಲ್ಲಿಗೆ ಹೊಂದುತ್ತದೆ: ಹಳಬರು ಕಂಡದ್ದು ಪ್ರಭೆಯನ್ನು, ಓಡಿದ್ದು ಸರಿಯಾದ ದಿಕ್ಕಿಗೆ, ಇಟ್ಟ ಹೆಸರು ಮಾತ್ರ ತಪ್ಪು.

ಹೆಸರು ತಪ್ಪಾದರೇನು, ಫಲ ಸಿಗುತ್ತಿದೆಯಲ್ಲ ಎನ್ನುವುದು ಮೂರನೆಯ ಆಕ್ಷೇಪ. ಎಲ್ಲಕ್ಕಿಂತ ಜನಪ್ರಿಯವಾದದ್ದೂ ಎಲ್ಲಕ್ಕಿಂತ ಅಪಾಯಕರವಾದದ್ದೂ ಇದೇ. 2011ರಲ್ಲಿ ಅಮೆರಿಕದಲ್ಲಿ ಅಸ್ತಮಾ ರೋಗಿಗಳ ಮೇಲೆ ನಡೆದ ಒಂದು ಸಣ್ಣ ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. ಒಂದೇ ರೋಗಿಗೆ ಬೇರೆ ಬೇರೆ ದಿನ ಔಷಧಿಯಿರುವ ಇನ್‌ಹೇಲರ್, ಔಷಧಿಯಿಲ್ಲದ ಇನ್‌ಹೇಲರ್, ಹುಸಿ ಅಕ್ಯುಪಂಕ್ಚರ್ ಕೊಟ್ಟರು. ಒಂದು ದಿನ ಏನೂ ಕೊಡಲಿಲ್ಲ. ಹೇಗಿದೆ ಎಂದು ಕೇಳಿದಾಗ ಔಷಧಿಯ ದಿನ ಶೇ 50ರಷ್ಟು, ಖಾಲಿ ಇನ್‌ಹೇಲರ್‌ನ ದಿನ ಶೇ 45ರಷ್ಟು, ಹುಸಿ ಸೂಜಿಯ ದಿನ ಶೇ 46ರಷ್ಟು ಸುಧಾರಣೆ ಎಂದರು. ರೋಗಿಯ ಮಾತನ್ನಷ್ಟೇ ಕೇಳಿದರೆ ಮೂರೂ ಒಂದೇ. ಆದರೆ ಶ್ವಾಸಕೋಶದ ಸಾಮರ್ಥ್ಯ ಅಳೆದಾಗ ಔಷಧಿಯ ದಿನ ಸುಮಾರು ಶೇ 20 ಹೆಚ್ಚಿತ್ತು, ಉಳಿದ ಎಲ್ಲ ದಿನಗಳಲ್ಲಿ, ಏನೂ ಕೊಡದ ದಿನವೂ ಸೇರಿ, ಸುಮಾರು ಶೇ 7 ಮಾತ್ರ. ಉಸಿರು ಹಗುರಾಯಿತೆಂಬ ಭಾವ ಬಂದಿತ್ತು, ಉಸಿರಿನ ದಾರಿ ತೆರೆದಿರಲಿಲ್ಲ. ಸೊಂಟನೋವಿನಲ್ಲಿ ಭಾವವೇ ವಸ್ತುಸ್ಥಿತಿ. ಅಸ್ತಮಾದಲ್ಲಿ, ಗಡ್ಡೆಯಲ್ಲಿ, ಸೋಂಕಿನಲ್ಲಿ ಭಾವ ಬೇರೆ, ವಸ್ತುಸ್ಥಿತಿ ಬೇರೆ. ಚಿ ಸರಿಹೋದರೆ ಎಲ್ಲ ರೋಗವೂ ಸರಿಹೋಗುತ್ತದೆ ಎನ್ನುವ ಸಿದ್ಧಾಂತಕ್ಕೆ ಈ ಗೆರೆ ಕಾಣುವುದೇ ಇಲ್ಲ. ನೋವಿನಲ್ಲಿ ಗಳಿಸಿದ ನಂಬಿಕೆಯನ್ನು ಅದು ಎಲ್ಲ ಕಡೆಗೂ ಒಯ್ಯುತ್ತದೆ. ನ್ಯಾಯಸೂತ್ರದ ಸೇತುವೆ ಮುರಿದು ಬೀಳುವುದು ಇಲ್ಲಿಯೇ: ಒಂದು ಕಡೆ ಕಂಡ ಫಲವನ್ನು ತೋರಿಸಿ ಇನ್ನೊಂದು ಕಡೆಯ ಕಾಣದ ಮಾತಿಗೆ ಜಾಮೀನು ಕೇಳಿದಾಗ. ಸಿದ್ಧಾಂತ ಸರಿಯೋ ತಪ್ಪೋ ಎಂಬುದು ಪಂಡಿತರ ಚರ್ಚೆಯಾಗಿ ಉಳಿಯುವುದಿಲ್ಲ. ಯಾವ ರೋಗಕ್ಕೆ ಎಲ್ಲಿಗೆ ಹೋಗಬೇಕೆಂದು ಮನೆಯವರು ತೀರ್ಮಾನಿಸುವ ಗಳಿಗೆಯಲ್ಲಿ ಅದು ಜೀವದ ಪ್ರಶ್ನೆಯಾಗುತ್ತದೆ.

ಫಲದ ಕಥೆ ಬಾಯಿಂದ ಬಾಯಿಗೆ ಬೆಳೆಯುವ ಬಗೆಯನ್ನೂ ಗಮನಿಸಬೇಕು. 1971ರ ಜುಲೈನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಕರ್ತ ಜೇಮ್ಸ್ ರೆಸ್ಟನ್ ಬೀಜಿಂಗ್‌ನಲ್ಲಿದ್ದಾಗ ಅವರಿಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ಅದರ ಬಗ್ಗೆ ಅವರೇ ಬರೆದ ಲೇಖನದಿಂದ ಪಶ್ಚಿಮದ ದೇಶಗಳಲ್ಲಿ ಅಕ್ಯುಪಂಕ್ಚರ್‌ನ ಅಲೆ ಎದ್ದಿತು. ಕೇವಲ ಸೂಜಿ ಹಾಕಿ, ಅರಿವಳಿಕೆ ಇಲ್ಲದೆ ಅವರ ಹೊಟ್ಟೆ ಕೊಯ್ದರು ಎಂಬ ಮಾತು ಇಂದಿಗೂ ಹರಿದಾಡುತ್ತಿದೆ. ಲೇಖನದಲ್ಲಿ ಇರುವುದು ಬೇರೆ: ಆಪರೇಷನ್ನಿಗೆ ಮಾಮೂಲಿ ಅರಿವಳಿಕೆ ಇಂಜೆಕ್ಷನ್ ಕೊಟ್ಟಿದ್ದರು, ಮರುದಿನ ರಾತ್ರಿ ಹೊಟ್ಟೆ ಉಬ್ಬರಿಸಿ ಸಂಕಟವಾದಾಗ ಮೊಣಕೈಗೂ ಮೊಣಕಾಲ ಕೆಳಗೂ ಸೂಜಿ ಹಾಕಿ, ಹೊಟ್ಟೆಯ ಬಳಿ ಎಲೆಯ ಕಾವು ಕೊಟ್ಟರು, ಸ್ವಲ್ಪ ಹೊತ್ತಿನಲ್ಲಿ ಹಗುರಾಯಿತು. ರೆಸ್ಟನ್ ಸುಳ್ಳು ಬರೆಯಲಿಲ್ಲ. ಓದಿದವರು ತಮಗೆ ಬೇಕಾದ ಪವಾಡವನ್ನು ಅದಕ್ಕೆ ಸೇರಿಸಿಕೊಂಡರು. ಪ್ರಾಮಾಣಿಕನಾದ ಸಾಕ್ಷಿಯ, ಬರಹದಲ್ಲೇ ಉಳಿದಿರುವ ಮಾತಿಗೆ ಕೆಲವೇ ವರ್ಷಗಳಲ್ಲಿ ಹೀಗಾಗುವುದಾದರೆ, ಶತಮಾನಗಳ ಬಾಯಿಮಾತಿನ ಸಾಕ್ಷ್ಯವನ್ನು ಎಷ್ಟು ಸೋಸಿ ತೆಗೆದುಕೊಳ್ಳಬೇಕೆಂದು ಯೋಚಿಸಬೇಕು.

ಕೊನೆಯ ಆಕ್ಷೇಪ ಕರುಣೆಯಿಂದ ಬರುವಂಥದ್ದು. ಇದನ್ನೆಲ್ಲ ರೋಗಿಗೆ ಹೇಳಿದರೆ ಅವನ ನಂಬಿಕೆ ಹೋಗುತ್ತದೆ, ನಂಬಿಕೆಯ ಜೊತೆಗೆ ಉಪಶಮನವೂ ಹೋಗುತ್ತದೆ, ಸುಮ್ಮನಿರುವುದೇ ದಯೆಯಲ್ಲವೇ? ಉಪಶಮನ ತರುವುದು ಏನು ಎಂದು ನೋಡಿದರೆ ಈ ಭಯ ಅಷ್ಟು ಗಟ್ಟಿಯಲ್ಲ. 2008ರಲ್ಲಿ ಸಂಶೋಧಕ ಟೆಡ್ ಕ್ಯಾಪ್ಚಕ್ ಮತ್ತು ಸಂಗಡಿಗರು ಕರುಳಿನ ತೊಂದರೆಯ 262 ಜನರನ್ನು ಮೂರು ಗುಂಪು ಮಾಡಿದರು. ಕಾಯುವ ಪಟ್ಟಿಯಲ್ಲಿದ್ದವರಲ್ಲಿ ಶೇ 28 ಜನ ಸಾಕಷ್ಟು ಹಗುರಾಯಿತೆಂದರು. ಮಾತಿಲ್ಲದೆ ಹುಸಿ ಸೂಜಿ ಹಾಕಿಸಿಕೊಂಡವರಲ್ಲಿ ಶೇ 44. ಅದೇ ಹುಸಿ ಸೂಜಿಯ ಜೊತೆಗೆ ವೈದ್ಯರು ಕೂತು, ಕೇಳಿ, ಸಮಾಧಾನ ಹೇಳಿದ ಗುಂಪಿನವರಲ್ಲಿ ಶೇ 62. ಇಲ್ಲಿ ಹೆಚ್ಚಿನ ಕೆಲಸ ಮಾಡಿದ್ದು ಆಲಿಸುವ ಕಿವಿ, ಮುಟ್ಟುವ ಕೈ, ಕೊಟ್ಟ ಸಮಯ. 2010ರಲ್ಲಿ ಅದೇ ತಂಡ, ಇದರಲ್ಲಿ ಔಷಧಿಯಿಲ್ಲ ಎಂದು ಮುಂಚೆಯೇ ಹೇಳಿ ಅಂಥದೇ ರೋಗಿಗಳಿಗೆ ಖಾಲಿ ಮಾತ್ರೆ ಕೊಟ್ಟಿತು. ಮಾತ್ರೆ ಪಡೆದವರಲ್ಲಿ ಶೇ 59, ಪಡೆಯದವರಲ್ಲಿ ಶೇ 35 ಜನರಿಗೆ ಸಾಕಷ್ಟು ಉಪಶಮನವಾಯಿತು. ಒಟ್ಟು ಎಂಬತ್ತು ಜನರ ಪ್ರಯೋಗ. ಅದರ ಮೇಲೆ ಬಹಳ ಭಾರ ಹೊರಿಸಬಾರದು. ಆದರೂ ಸತ್ಯ ಹೇಳಿದೊಡನೆ ಎಲ್ಲವೂ ಕುಸಿಯುತ್ತದೆ ಎಂಬ ಅಂಜಿಕೆಯನ್ನು ಅದು ಸಡಿಲಿಸುತ್ತದೆ. ಜಪಾನಿನ ಪರಂಪರೆ ಈ ಸ್ಪರ್ಶದ ಮಹತ್ವವನ್ನು ಬೇರೆ ದಾರಿಯಿಂದ ಕಂಡುಕೊಂಡಿತ್ತು. 17ನೇ ಶತಮಾನದ ಕುರುಡ ವೈದ್ಯ ಸುಗಿಯಾಮಾ ವಾಯಿಚಿ, ಸೂಜಿಯನ್ನು ಒಂದು ಸಣ್ಣ ಕೊಳವೆಯೊಳಗಿಟ್ಟು, ಮೇಲೆ ಚೂರೇ ಕಾಣುವ ಅದರ ತಲೆಯನ್ನು ತೋರುಬೆರಳಿಂದ ಮೆಲ್ಲಗೆ ತಟ್ಟಿ ಇಳಿಸುವ ವಿಧಾನವನ್ನು ಬಳಕೆಗೆ ತಂದ, ಕುರುಡರಿಗಾಗಿ ಈ ವಿದ್ಯೆಯ ಶಾಲೆಗಳನ್ನು ಕಟ್ಟಿದ. ಕೊಳವೆ ಚರ್ಮವನ್ನು ಒತ್ತಿ ಹಿಡಿಯುವುದರಿಂದ ಚುಚ್ಚಿದ್ದು ಅಷ್ಟಾಗಿ ತಿಳಿಯುವುದಿಲ್ಲ. ಆ ಕೈಗಳ ಜಾಣ್ಮೆಗೂ ಮೃದುತ್ವಕ್ಕೂ ಬೆಲೆ ಕಟ್ಟಲು ಹನ್ನೆರಡು ನಾಳಗಳನ್ನು ಒಪ್ಪಬೇಕಾಗಿಲ್ಲ.

ಹುಸಿ ಚಿಕಿತ್ಸೆಯ ಜೊತೆ ಹೋಲಿಸಿ ನೋಡುವ ಈ ಜರಡಿಯನ್ನು ಪೂರ್ವದ ವೈದ್ಯಕ್ಕೆ ಮಾತ್ರ ಹಿಡಿಯಬಾರದು. 2002ರಲ್ಲಿ ಅಮೆರಿಕದಲ್ಲಿ ಮೊಣಕಾಲ ಸವೆತದ 180 ರೋಗಿಗಳಲ್ಲಿ ಕೆಲವರಿಗೆ ದುರ್ಬೀನಿನ ಆಪರೇಷನ್ ಮಾಡಿದರು, ಕೆಲವರಿಗೆ ಚರ್ಮ ಮಾತ್ರ ಕೊಯ್ದು ಹೊಲಿದರು. ಎರಡು ವರ್ಷ ನೋಡಿದರೂ ಆಪರೇಷನ್ ಆದವರು ಹುಸಿ ಆಪರೇಷನ್‌ನವರಿಗಿಂತ ಮೇಲಾಗಲಿಲ್ಲ. ಪದವಿ ಪಡೆದ ಸರ್ಜನ್ನರ ಸಿದ್ಧಾಂತವೂ ಅದೇ ಜರಡಿಯಲ್ಲಿ ಜಾರಿಬಿತ್ತು. ಇನ್ನು ಪರಂಪರೆಯಿಂದ ಬಂದದ್ದು ಜರಡಿಯಲ್ಲಿ ಉಳಿದ ಉದಾಹರಣೆಯೂ ಕಣ್ಣೆದುರಿಗಿದೆ. ಮಲೇರಿಯಾಕ್ಕೆ ಮದ್ದು ಹುಡುಕುತ್ತಿದ್ದ ಚೀನಾದ ವಿಜ್ಞಾನಿ ತು ಯೂಯೂ, ನಾಲ್ಕನೆಯ ಶತಮಾನದ ಗೆ ಹೊಂಗ್‌ನ ಪುಸ್ತಕದಲ್ಲಿ ಚಿಂಗ್‌ಹಾವೊ ಗಿಡವನ್ನು ನೀರಲ್ಲಿ ನೆನೆಸಿ ಹಿಂಡಿ ಕುಡಿಯಬೇಕೆಂಬ ಸೂಚನೆ ಓದಿದರು. ಕುದಿಸುವ ಮಾತು ಅಲ್ಲಿರಲಿಲ್ಲ. ಕಾವಿನಿಂದ ಗುಣ ಕೆಡುತ್ತಿರಬಹುದೆಂದು ಊಹಿಸಿ, ಕಡಿಮೆ ಉಷ್ಣದಲ್ಲಿ ಈಥರ್ ಬಳಸಿ ಸಾರ ತೆಗೆದರು. 1971ರಲ್ಲಿ ಅದು ಫಲಿಸಿತು, 2015ರಲ್ಲಿ ನೊಬೆಲ್ ಬಂತು, ಇಂದು ಮಲೇರಿಯಾ ಚಿಕಿತ್ಸೆಗೆ ಜಗತ್ತು ಅದನ್ನು ನೆಚ್ಚಿದೆ. ಅವರು ಹಳೆಯ ಪುಸ್ತಕವನ್ನು ಪೂಜಿಸಲಿಲ್ಲ, ಎಸೆಯಲೂ ಇಲ್ಲ, ಪ್ರಶ್ನೆ ಕೇಳಿದರು. ಪೂರ್ವಜರಿಗೆ ಸಲ್ಲಬೇಕಾದ ನಿಜವಾದ ಗೌರವ ಅದು.

ಹಾಗಾದರೆ ಪ್ರಾಮಾಣಿಕನಾದ ಸೂಜಿವೈದ್ಯ ರೋಗಿಗೆ ಹೇಳಬೇಕಾದದ್ದು ಇಷ್ಟು: ಬಹುಕಾಲದ ನೋವಿನಲ್ಲಿ ಈ ಚಿಕಿತ್ಸೆಯಿಂದ ಹಲವರಿಗೆ ಹಗುರಾಗಿದೆ, ಅದರಲ್ಲಿ ಹೆಚ್ಚಿನ ಪಾಲು ಆರೈಕೆ ಮತ್ತು ನಿರೀಕ್ಷೆಯಿಂದ, ಸಣ್ಣ ಪಾಲು ಸೂಜಿಯಿಂದ ಬರುವಂತಿದೆ, ಶುದ್ಧವಾದ ಸೂಜಿ, ತರಬೇತಾದ ಕೈ ಇದ್ದರೆ ಅಪಾಯ ವಿರಳ, ಇಲ್ಲವೇ ಇಲ್ಲ ಎನ್ನುವಂತಿಲ್ಲ, ನಾಳಗಳ ಚಿತ್ರ ನಮ್ಮ ಹಿರಿಯರು ಯೋಚಿಸಿದ ರೀತಿ, ದೇಹದ ನಕ್ಷೆಯಲ್ಲ, ಉಸಿರಾಟದ ತೊಂದರೆ, ಸೋಂಕು, ಗಡ್ಡೆಗಳಿಗೆ ಮೊದಲು ಆಸ್ಪತ್ರೆಗೆ ಹೋಗಿ. ಇಷ್ಟು ಹೇಳಿದ ಮೇಲೂ ಸೂಜಿ ಹಾಕಿಸಿಕೊಳ್ಳುವವರು ಇರುತ್ತಾರೆ, ಅವರಿಗೆ ಮೋಸವಾಗಿರುವುದಿಲ್ಲ. ಡಾ. ದ್ವಾರಕಾನಾಥ ಕೋಟ್ನಿಸ್ ಅವರ ಜೊತೆ 1938ರಲ್ಲಿ ಚೀನಾಕ್ಕೆ ಹೋಗಿದ್ದ ವೈದ್ಯ ತಂಡದ ಡಾ. ಬಿಜಯ್ ಕುಮಾರ್ ಬಸು ಮುಂದೆ ಈ ವಿದ್ಯೆ ಕಲಿತು 1959ರ ಹೊತ್ತಿಗೆ ಕೋಲ್ಕತ್ತಾಕ್ಕೆ ತಂದರು; ಅಲ್ಲಿಂದೀಚೆಗೆ ನಮ್ಮ ದೇಶದಲ್ಲೂ ಇದನ್ನು ನೆಚ್ಚಿದವರಿದ್ದಾರೆ. ಅವರಿಗೂ ಈ ಮಾತು ಸಲ್ಲುತ್ತದೆ. ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ, ನಂಬತಕ್ಕವನಿಗೆ ಇರಬೇಕಾದ ಮೂರು ಗುಣಗಳನ್ನು ಹೇಳುತ್ತಾನೆ: ವಿಷಯವನ್ನು ತಾನೇ ಕಂಡು ತಿಳಿದಿರಬೇಕು, ಜೀವಿಗಳ ಮೇಲೆ ದಯೆ ಇರಬೇಕು, ಇರುವುದನ್ನು ಇದ್ದಂತೆ ಹೇಳುವ ಮನಸ್ಸಿರಬೇಕು. ಅವನ ಯುಕ್ತಿಯನ್ನು ಒಪ್ಪದವರೂ ಈ ಅಳತೆಯನ್ನು ಒಪ್ಪಬಹುದು. ಸೂಜಿ ಹಿಡಿದವರೇ ಆಗಲಿ, ಸ್ಟೆತಾಸ್ಕೋಪ್ ಹಿಡಿದವರೇ ಆಗಲಿ, ಕೈಗುಣ ಮತ್ತು ದಯೆ ಇದ್ದು ಮೂರನೆಯದು ಇಲ್ಲದವರ ಮಾತನ್ನು ಪ್ರಮಾಣವೆಂದು ತೆಗೆದುಕೊಳ್ಳಬೇಡಿ. ನೋವು ಇಳಿದರೆ ಕೃತಜ್ಞರಾಗಿರಿ. ಏಕೆ ಇಳಿಯಿತು ಎಂಬ ಪ್ರಶ್ನೆಯನ್ನು ಮಾತ್ರ ಬಿಟ್ಟುಕೊಡಬೇಡಿ.